ಫ್ಯಾಫ್ಸಾ ಅರ್ಜಿಯಿಂದ ಏಡ್ ಪತ್ರದವರೆಗೆ: ಅಮೆರಿಕದ ಕಾಲೇಜಿಗೆ ನಿಜವಾಗಿ ಎಷ್ಟು ಕಟ್ಟಬೇಕು?

ಅಮೆರಿಕದ ಕಾಲೇಜಿನ ತಾಣದಲ್ಲಿ ಕಾಣುವ ವರ್ಷದ ಖರ್ಚು ಒಂದು, ಮನೆಯವರು ಕೊನೆಗೆ ಕಟ್ಟುವ ಹಣ ಇನ್ನೊಂದು. ಇವೆರಡರ ನಡುವೆ ಕೆಲವು ಅರ್ಜಿಗಳಿವೆ, ಕೆಲವು ಗಡುವುಗಳಿವೆ, ತಪ್ಪಲು ಬಹಳ ಅವಕಾಶಗಳಿವೆ. ಇಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಎರಡು ಮಾತು ಪದೇ ಪದೇ ಕೇಳುತ್ತೇವೆ. ‘ನಮ್ಮ ಸಂಬಳಕ್ಕೆ ಏನೂ ಸಿಗಲ್ಲ, ತುಂಬೋದೇ ದಂಡ’ ಎನ್ನುವುದು ಒಂದು. ‘ವರ್ಷಕ್ಕೆ ಎಂಬತ್ತು ಸಾವಿರ ಡಾಲರ್ ಎಲ್ಲಿಂದ ತರೋದು, ಆ ಕಾಲೇಜೇ ಬೇಡ’ ಎನ್ನುವುದು ಮತ್ತೊಂದು. ಲೆಕ್ಕ ಹಾಕುವ ಮೊದಲೇ ಆಡುವ ಮಾತುಗಳಿವು. ಅರ್ಜಿ ತುಂಬಿದವರಾಗಿ, ತುಂಬುವವರ ಪಕ್ಕ ಕೂತವರಾಗಿ ನಾವು ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇವೆ.

ಮೊದಲ ಹೆಜ್ಜೆಯನ್ನು ಹನ್ನೊಂದನೇ ತರಗತಿ ಮುಗಿಯುವ ಬೇಸಿಗೆಯಲ್ಲೇ ಇಡಬಹುದು. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನಲ್ಲಿ ಪಾಲುಗೊಳ್ಳುವ ಪ್ರತಿ ಕಾಲೇಜೂ ತನ್ನ ತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನೀವು ಕಟ್ಟಬೇಕಾದದ್ದನ್ನು ಅಂದಾಜಿಸುವ ಸಾಧನ) ಇಡಬೇಕೆಂದು 2008ರ ಕಾನೂನು ಹೇಳುತ್ತದೆ. 2011ರ ಅಕ್ಟೋಬರ್‌ನಿಂದ ಅದು ಕಡ್ಡಾಯ. ತೆರಿಗೆ ಕಾಗದ ಮುಂದಿಟ್ಟುಕೊಂಡು ಕೂತರೆ ಒಂದು ಕಾಲೇಜಿಗೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಹತ್ತೇ ಪ್ರಶ್ನೆ ಕೇಳುವ ಕ್ಯಾಲ್ಕುಲೇಟರ್‌ನ ಉತ್ತರವನ್ನು ಅಂದಾಜು ಎಂದಷ್ಟೇ ತಿಳಿಯಿರಿ. ಮನೆಯ ಬೆಲೆ, ಉಳಿದಿರುವ ಸಾಲ, ನಿವೃತ್ತಿ ಖಾತೆ ಎಲ್ಲವನ್ನೂ ಕೇಳುವುದು ಸಾಮಾನ್ಯವಾಗಿ ನಿಜಕ್ಕೆ ಹತ್ತಿರದ ಉತ್ತರ ಕೊಡುತ್ತದೆ. ಸ್ವಂತ ವ್ಯಾಪಾರ ಅಥವಾ ಬಾಡಿಗೆ ಮನೆ ಇರುವವರಿಗೆ ಮಾತ್ರ ಎರಡೂ ಕೈಕೊಡಬಹುದು. ಬಂದ ಉತ್ತರವನ್ನು ತಾರೀಖಿನ ಸಮೇತ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಕಾಲೇಜಿನ ಪತ್ರ ಇದಕ್ಕಿಂತ ತೀರಾ ಬೇರೆಯಾಗಿ ಬಂದರೆ, ನೆರವು ನೋಡಿಕೊಳ್ಳುವ ಏಡ್ ಕಚೇರಿಯಲ್ಲಿ ಮಾತಾಡಲು ಅದೇ ಆಧಾರ.

ಇನ್ನು ಫ್ಯಾಫ್ಸಾ, ಅಂದರೆ ಕೇಂದ್ರದ ವಿದ್ಯಾರ್ಥಿ ನೆರವು ಕೋರುವ ಅರ್ಜಿ. 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಡುವ ನೆರವಿಗೆಲ್ಲ ಇದೇ ಬಾಗಿಲು. ಕಡಿಮೆ ಆದಾಯದವರಿಗೆ ಪೆಲ್ ಗ್ರಾಂಟ್ ಇದೆ. 2025-26ಕ್ಕೆ ಅದರ ಗರಿಷ್ಠ ಮೊತ್ತ 7,395 ಡಾಲರ್, ತಿರುಗಿ ಕಟ್ಟಬೇಕಿಲ್ಲ. ಆದಾಯ ಎಷ್ಟೇ ಇರಲಿ, ಅರ್ಹ ವಿದ್ಯಾರ್ಥಿಗೆ ತನ್ನದೇ ಹೆಸರಿನಲ್ಲಿ ಕೇಂದ್ರದ ಸಾಲ ಸಿಗುತ್ತದೆ: ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಒಟ್ಟು 31,000 ಡಾಲರ್ ಮಿತಿ. ಆ ಸಾಲಕ್ಕೂ ಇದೇ ಅರ್ಜಿ ಬೇಕು. ಹಲವು ರಾಜ್ಯಗಳ ಗ್ರಾಂಟ್, ಕೆಲವು ಕಾಲೇಜುಗಳ ಪ್ರತಿಭಾ ವಿದ್ಯಾರ್ಥಿವೇತನ ಕೂಡ ಇದನ್ನೇ ಕೇಳುತ್ತವೆ. ಹೆಚ್ಚು ಸಂಬಳದವರೂ ತುಂಬಿ ಎಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ. ಇದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ.

ಅರ್ಹತೆ ನೋಡುವುದು ವಿದ್ಯಾರ್ಥಿಯದು, ತಂದೆತಾಯಿಯದಲ್ಲ. ಮಗಳು ಇಲ್ಲೇ ಹುಟ್ಟಿ ಅಮೆರಿಕದ ಪ್ರಜೆಯಾಗಿದ್ದರೆ, ಅಪ್ಪ ಎಚ್-1ಬಿ ಉದ್ಯೋಗ ವೀಸಾದಲ್ಲಿ, ಅಮ್ಮ ಅವಲಂಬಿತರ ಎಚ್-4 ವೀಸಾದಲ್ಲಿ ಇದ್ದರೂ ಆಕೆ ಪೂರ್ತಿ ಅರ್ಹಳು. ಅಮ್ಮನಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲವೆಂದು ಅರ್ಜಿಯನ್ನೇ ಕೈಬಿಟ್ಟ ಮನೆಗಳಿವೆ. ಕೈಬಿಡಬೇಕಾಗಿಲ್ಲ. ಗಂಡ ಹೆಂಡತಿ ಜಂಟಿಯಾಗಿ ತೆರಿಗೆ ಸಲ್ಲಿಸಿದ್ದರೆ ಒಬ್ಬರು ‘ಕಾಂಟ್ರಿಬ್ಯೂಟರ್’ (ಅರ್ಜಿಗೆ ತಮ್ಮ ಆದಾಯದ ವಿವರ, ಸಹಿ ಕೊಡುವವರು) ಆದರೆ ಸಾಕು, ಇನ್ನೊಬ್ಬರ ವಿವರವನ್ನು ಅವರೇ ತುಂಬುತ್ತಾರೆ. ಬೇರೆ ಬೇರೆ ಸಲ್ಲಿಸಿದ್ದರೆ ಇಬ್ಬರೂ ಬೇಕು. ವಿಚ್ಛೇದನವಾಗಿದ್ದರೆ ಕಳೆದ ಹನ್ನೆರಡು ತಿಂಗಳಲ್ಲಿ ಮಗುವಿನ ಖರ್ಚು ಹೆಚ್ಚು ಹೊತ್ತವರು ತುಂಬಬೇಕು.

ವಿದ್ಯಾರ್ಥಿ, ಕಾಂಟ್ರಿಬ್ಯೂಟರ್ ಇಬ್ಬರಿಗೂ ಪ್ರತ್ಯೇಕ ಖಾತೆ, ಪ್ರತ್ಯೇಕ ಇಮೇಲ್, ಪ್ರತ್ಯೇಕ ಫೋನ್ ಸಂಖ್ಯೆ ಇರಲಿ. ನಮ್ಮವರು ಮೊದಲು ಎಡವುವುದು ಇಲ್ಲಿ, ಅದೂ ಹೆಸರಿನಲ್ಲಿ. ಇನಿಷಿಯಲ್ ಇಟ್ಟುಕೊಂಡು ಬೆಳೆದವರಿಗೆ ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಸರ್‌ನೇಮ್ ಆಗಿರುತ್ತದೆ, ಬ್ಯಾಂಕಿನಲ್ಲಿ ಊರಿನ ಹೆಸರು, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಮತ್ತೊಂದು ಜೋಡಣೆ. ಖಾತೆ ತೆರೆಯುವಾಗ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಯಿರಿ. ಹೊಂದದಿದ್ದರೆ ತೆರಿಗೆ ಇಲಾಖೆಯಿಂದ ಮಾಹಿತಿ ಬರುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಕಾರ್ಡಿನಲ್ಲೇ ತಪ್ಪಿದ್ದರೆ ಅದನ್ನು ತಿದ್ದಿಸುವ ಕೆಲಸ ಬೇಸಿಗೆಯಲ್ಲೇ ಮುಗಿಸಿ. ಅಕ್ಟೋಬರ್‌ಗೆ ಇಟ್ಟುಕೊಳ್ಳಬೇಡಿ.

ವಿದ್ಯಾರ್ಥಿ ಅರ್ಜಿ ಶುರು ಮಾಡಿ ಅಪ್ಪನಿಗೋ ಅಮ್ಮನಿಗೋ ಆಹ್ವಾನ ಕಳಿಸುತ್ತಾನೆ, ಇಪ್ಪತ್ತು ಕಾಲೇಜುಗಳವರೆಗೆ ಸೇರಿಸಬಹುದು. ಆಮೇಲೆ ಎಲ್ಲರೂ ತೆರಿಗೆ ಮಾಹಿತಿ ತರಿಸಿಕೊಳ್ಳಲು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಕೊಡದೆ ಅಂಕಿಗಳನ್ನು ಕೈಯಿಂದ ತುಂಬಿದರೆ ಕೇಂದ್ರದ ನೆರವು ಪೂರ್ತಿ ತಪ್ಪುತ್ತದೆ. ಆ ವರ್ಷ ತೆರಿಗೆಯನ್ನೇ ಸಲ್ಲಿಸದವರೂ ಒಪ್ಪಿಗೆ ಕೊಡಬೇಕು. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಮಗ ತನ್ನ ಭಾಗ ಮುಗಿಸಿ ‘ಆಯ್ತು’ ಎಂದು ಹೇಳಿರುತ್ತಾನೆ, ಅಪ್ಪನ ಸಹಿ ಬಾಕಿ ಇರುತ್ತದೆ, ಫೆಬ್ರುವರಿಯಲ್ಲಿ ಕಾಲೇಜು ‘ನಿಮ್ಮ ಅರ್ಜಿ ಬಂದಿಲ್ಲ’ ಎಂದಾಗಲೇ ಗೊತ್ತಾಗುವುದು. ಸಹಿಯಾದ ಮೇಲೆ ಬರುವ ಸಬ್ಮಿಷನ್ ಸಮರಿ ತೆರೆದು, ಅದರಲ್ಲಿ ಎಸ್‌ಎಐ (ಮನೆಯವರ ಕಟ್ಟುವ ಶಕ್ತಿಯ ಸೂಚ್ಯಂಕ) ಅಂಕಿ ಕಂಡರೆ ಮಾತ್ರ ಕೆಲಸ ಮುಗಿದಂತೆ. ಈ ಅಂಕಿ ಮೈನಸ್ 1,500ರವರೆಗೂ ಇಳಿಯಬಹುದು. ಕಡಿಮೆ ಇದ್ದಷ್ಟೂ ನೆರವಿಗೆ ಹೆಚ್ಚು ಅರ್ಹತೆ.

ಲೆಕ್ಕಕ್ಕೆ ಹಿಡಿಯುವುದು ಎರಡು ವರ್ಷ ಹಿಂದಿನ ತೆರಿಗೆ. 2026-27ರ ಅರ್ಜಿಗೆ 2024ರ ಆದಾಯ. ಹಾಗಾಗಿ ಹತ್ತನೇ ತರಗತಿಯ ಜನವರಿಯಿಂದ ಹನ್ನೊಂದನೆಯದರ ಡಿಸೆಂಬರ್‌ವರೆಗಿನ ಆದಾಯವೇ ಮೊದಲ ವರ್ಷದ ನೆರವನ್ನು ನಿರ್ಧರಿಸುತ್ತದೆ. ಆ ವರ್ಷ ಷೇರು ಮಾರಿ ದೊಡ್ಡ ಲಾಭ ತೆಗೆದರೆ ಅದೂ ಆದಾಯಕ್ಕೆ ಸೇರುತ್ತದೆ. ಕೆಲಸ ಬದಲಿಸಿ ಹಳೆಯ ಕಂಪನಿಯ 401ಕೆ ನಿವೃತ್ತಿ ಖಾತೆಯ ಹಣವನ್ನು ಸ್ವಂತ ನಿವೃತ್ತಿ ಖಾತೆಯಾದ ಐಆರ್‌ಎಗೆ ವರ್ಗಾಯಿಸಿದವರು ಇನ್ನೊಂದು ಸಂಗತಿ ಗಮನಿಸಬೇಕು. ತೆರಿಗೆ ಇಲಾಖೆಯಿಂದ ಬರುವ ಮಾಹಿತಿಯಲ್ಲಿ ಆ ಹಣ ತೆರಿಗೆ ಕಟ್ಟದ ಆದಾಯದಂತೆ ಕಾಣುತ್ತದೆ. ಅದು ರೋಲ್‌ಓವರ್ ಎಂದು ಹೇಳಲು ಅರ್ಜಿಯಲ್ಲಿ ಬೇರೆಯೇ ಪ್ರಶ್ನೆ ಇದೆ. ಅದನ್ನು ಖಾಲಿ ಬಿಟ್ಟರೆ ವರ್ಗಾಯಿಸಿದ್ದು ಒಂದೂವರೆ ಲಕ್ಷ ಡಾಲರ್ ಆಗಿದ್ದರೆ, ಕೈಗೆ ಬಾರದ ಅಷ್ಟೂ ಹಣ ನಿಮ್ಮ ಆದಾಯಕ್ಕೆ ಸೇರಿ ಕೂರುತ್ತದೆ. ಸಂಬಳದ ಮನೆಗಳ ಎಸ್‌ಎಐ ಅಕಾರಣವಾಗಿ ಏರಿದ್ದು ಕಂಡರೆ ನಾವು ಮೊದಲು ಹುಡುಕುವುದು ಇದನ್ನೇ.

ಆಸ್ತಿಯ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮವರ ಆಸ್ತಿ ಎರಡು ದೇಶಗಳಲ್ಲಿ ಹಂಚಿಹೋಗಿರುತ್ತದೆ. ವಾಸದ ಮನೆ, 401ಕೆ, ಐಆರ್‌ಎ ಖಾತೆಗಳ ಬಾಕಿ ಫ್ಯಾಫ್ಸಾಗೆ ಬೇಡ. ಉಳಿದದ್ದು, ಯಾವ ದೇಶದಲ್ಲಿದ್ದರೂ, ಬೇಕು. ಮೈಸೂರಿನ ಸೈಟು, ಬೆಂಗಳೂರಿನ ಬಾಡಿಗೆ ಫ್ಲಾಟು, ಎನ್‌ಆರ್‌ಇ ಖಾತೆಯ ಎಫ್‌ಡಿ ಎಲ್ಲವೂ ಇದರಲ್ಲಿ ಬರುತ್ತವೆ. ಸಹಿ ಹಾಕುವ ದಿನ ಮಾರಿದರೆ ಬರುವ ಬೆಲೆ, ಅದರಲ್ಲಿ ಅದರ ಮೇಲಿನ ಸಾಲ ಕಳೆದು, ಆ ದಿನದ ವಿನಿಮಯ ದರದಲ್ಲಿ ಡಾಲರಿಗೆ ತಿರುಗಿಸಬೇಕು. ಸರ್ಕಾರದ ಮಾರ್ಗಸೂಚಿ ಬೆಲೆ ಮಾರುಕಟ್ಟೆಗಿಂತ ಕೆಳಗಿರುವುದೇ ಹೆಚ್ಚು, ಅದೊಂದನ್ನೇ ನೆಚ್ಚಬೇಡಿ. ಅಕ್ಕಪಕ್ಕದ ಮಾರಾಟದ ಬೆಲೆ ನೋಡಿ, ಆ ಬೆಲೆಗೆ ಹೇಗೆ ಬಂದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ.

ಹೇಳದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಯೂ ಬರುತ್ತದೆ. ವಿದೇಶಿ ಖಾತೆಗಳ ವಿವರವನ್ನು ನೀವೇ ಪ್ರತಿವರ್ಷ ಎಫ್‌ಬಿಎಆರ್ ಎಂಬ ಸರ್ಕಾರಿ ವರದಿಯಲ್ಲಿ ಕೊಟ್ಟಿರುತ್ತೀರಿ, ಫ್ಲಾಟಿನ ಬಾಡಿಗೆ ತೆರಿಗೆ ಪತ್ರದಲ್ಲಿ ಇರುತ್ತದೆ. ಅರ್ಜಿಗೆ ಹಾಕುವುದು ಕಾನೂನಿನ ಸಹಿ, ಅದರ ಕೆಳಗೆ ಮಗುವಿನ ಹೆಸರೂ ಇದೆ. ಇದ್ದದ್ದನ್ನು ಬರೆಯಿರಿ. ಬರೆದರೆ ಆಗುವ ಪರಿಣಾಮ ಜನ ಹೆದರುವಷ್ಟು ದೊಡ್ಡದೂ ಅಲ್ಲ. ತಂದೆತಾಯಿಯ ಆಸ್ತಿಯಿಂದ ಎಸ್‌ಎಐಗೆ ಸೇರುವುದು ಹೆಚ್ಚೆಂದರೆ ಶೇ 5.64. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ 85 ಲಕ್ಷದ ಸೈಟು ಒಂದು ಲಕ್ಷ ಡಾಲರ್. ಅದು ಎಸ್‌ಎಐಯನ್ನು ಏರಿಸುವುದು ಗರಿಷ್ಠ 5,640. ಅದೇ ಆಸ್ತಿ ಮಗುವಿನ ಹೆಸರಿನಲ್ಲಿದ್ದರೆ ಶೇ 20, ಅಂದರೆ 20,000. ಅಜ್ಜಿ ಪ್ರೀತಿಯಿಂದ ಮೊಮ್ಮಗನ ಹೆಸರಿನಲ್ಲಿ ಇಟ್ಟ ಎಫ್‌ಡಿ, ಇಲ್ಲಿ ಮಗುವಿನ ಹೆಸರಿನಲ್ಲಿ ತೆರೆಯುವ ಯುಟಿಎಂಎ ಖಾತೆ ಎರಡೂ ಈ ಶೇ 20ರ ಸಾಲಿಗೆ ಸೇರುತ್ತವೆ. ಓದಿನ ಖರ್ಚಿಗೆಂದು ತಂದೆತಾಯಿ ತೆರೆದ 529 ಉಳಿತಾಯ ಖಾತೆಯನ್ನು ಮಾತ್ರ ತಂದೆತಾಯಿಯ ಆಸ್ತಿ ಎಂದೇ ಹಿಡಿಯುತ್ತಾರೆ. ತಾತ ಅಜ್ಜಿ ತೆರೆದ 529ರಿಂದ ತೆಗೆದ ಹಣವನ್ನು 2024-25ರಿಂದ ಫ್ಯಾಫ್ಸಾ ಕೇಳುವುದೇ ಇಲ್ಲ.

ಊರಿನ ಜಮೀನು ಅಪ್ಪನ ಹೆಸರಿನಲ್ಲಿದ್ದು ಅವರು ಬದುಕಿದ್ದರೆ, ನಾಳೆ ನಿಮಗೆ ಬರುತ್ತದೆ ಎಂಬ ಕಾರಣಕ್ಕೆ ಅದನ್ನು ಬರೆಯಬೇಕಿಲ್ಲ. ಅಣ್ಣತಮ್ಮಂದಿರ ಜೊತೆ ನಿಮ್ಮ ಹೆಸರೂ ಪಹಣಿಯಲ್ಲಿದ್ದರೆ ನಿಮ್ಮ ಪಾಲಿನಷ್ಟು ಬರೆಯಿರಿ. 2025ರ ಜುಲೈನಲ್ಲಿ ಬಂದ ಕಾನೂನು ಕುಟುಂಬದ ಕೃಷಿ ಜಮೀನನ್ನೂ ನೂರು ಜನರೊಳಗಿನ ಸಣ್ಣ ವ್ಯಾಪಾರವನ್ನೂ 2026-27ರಿಂದ ಲೆಕ್ಕದಿಂದ ಬಿಟ್ಟಿದೆ. ಆದರೆ ಆ ವಿನಾಯಿತಿ ಕುಟುಂಬ ವಾಸವಿರುವ ಜಮೀನಿಗೆ. ನ್ಯೂಜೆರ್ಸಿಯಲ್ಲಿ ವಾಸವಿದ್ದು ಮಂಡ್ಯದ ಗದ್ದೆಗೆ ಅದನ್ನು ಕೇಳಲಾಗದು.

ಕುಟುಂಬದ ಸಂಖ್ಯೆಯೂ ಹೀಗೆಯೇ. ಊರಲ್ಲಿರುವ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರೂ ಅಮೆರಿಕದ ತೆರಿಗೆಯಲ್ಲಿ ಅವರು ನಿಮ್ಮ ಅವಲಂಬಿತರಾಗುವುದಿಲ್ಲ, ಫ್ಯಾಫ್ಸಾದಲ್ಲೂ ಸೇರುವುದಿಲ್ಲ. ಇನ್ನೊಂದು ಬದಲಾವಣೆ ಅವಳಿ ಮಕ್ಕಳ, ಬೆನ್ನುಬೆನ್ನಿಗೆ ಹುಟ್ಟಿದ ಮಕ್ಕಳ ಮನೆಗಳಿಗೆ ಜೋರಾಗಿ ತಟ್ಟಿದೆ. ಮೊದಲು ಇಬ್ಬರು ಒಟ್ಟಿಗೆ ಕಾಲೇಜಿನಲ್ಲಿದ್ದರೆ ತಂದೆತಾಯಿಯ ಪಾಲನ್ನು ಇಬ್ಬರಿಗೆ ಹಂಚುತ್ತಿದ್ದರು. 2024-25ರಿಂದ ಆ ಹಂಚಿಕೆ ಇಲ್ಲ. ಆ ವರ್ಷ ಫ್ಯಾಫ್ಸಾದ ಪ್ರಶ್ನೆಗಳನ್ನು ಕಡಿಮೆ ಮಾಡಿದ ಅದೇ ಸುಧಾರಣೆ ಮಧ್ಯಮ ವರ್ಗದ ಈ ಮನೆಗಳಿಗೆ ಅನ್ಯಾಯ ಮಾಡಿದೆ ಎಂದೇ ನಮ್ಮ ಅಭಿಪ್ರಾಯ. ಆ ಮೊದಲ ವರ್ಷ ಅರ್ಜಿ ತೆರೆದದ್ದೇ ಅಕ್ಟೋಬರ್ ಬದಲು 2023ರ ಡಿಸೆಂಬರ್ ಕೊನೆಗೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ತಂದೆತಾಯಿ ತಿಂಗಳುಗಟ್ಟಲೆ ಮುಂದೆ ಹೋಗಲಾಗಲಿಲ್ಲ, ಕಾಲೇಜುಗಳಿಗೆ ಮಾಹಿತಿ ತಲುಪಲು ಮಾರ್ಚ್ ಆಯಿತು. ಈಗ ಅರ್ಜಿ ಅಕ್ಟೋಬರ್ 1ರೊಳಗೆ ತೆರೆಯಬೇಕೆಂದು ಕಾನೂನೇ ಇದೆ.

ಖಾಸಗಿ ಕಾಲೇಜುಗಳಲ್ಲಿ ಹಲವು ಫ್ಯಾಫ್ಸಾ ಜೊತೆಗೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ನೆರವಿನ ಅರ್ಜಿಯನ್ನೂ ಕೇಳುತ್ತವೆ. ಮೊದಲ ಕಾಲೇಜಿಗೆ 25 ಡಾಲರ್, ಮುಂದಿನ ಪ್ರತಿಯೊಂದಕ್ಕೆ 16. ವರ್ಷಕ್ಕೆ ಒಂದು ಲಕ್ಷ ಡಾಲರ್‌ವರೆಗಿನ ಆದಾಯದವರಿಗೆ ಉಚಿತ. ಇದು ವಾಸದ ಮನೆಯ ಬೆಲೆಯನ್ನೂ ಕೇಳುತ್ತದೆ. ಬೇ ಏರಿಯಾದಲ್ಲಿ ಹದಿನೈದು ವರ್ಷದ ಹಿಂದೆ ಮನೆ ಕೊಂಡವರ ಲೆಕ್ಕ ಇಲ್ಲೇ ಏರುಪೇರಾಗುವುದು. ಕೆಲವು ಕಾಲೇಜು ಮನೆಯ ಬೆಲೆಯನ್ನು ಆದಾಯದ ಇಷ್ಟು ಪಟ್ಟು ಎಂದು ಮಿತಿಗೊಳಿಸುತ್ತವೆ, ಕೆಲವು ಪೂರ್ತಿ ಹಿಡಿಯುತ್ತವೆ. ಏಡ್ ಕಚೇರಿಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಪ್ರೊಫೈಲ್‌ನಲ್ಲಿ ಒಳ್ಳೆಯದೂ ಇದೆ: ವಿಶೇಷ ಪರಿಸ್ಥಿತಿ ಬರೆಯಲು ಜಾಗವಿದೆ. ಊರಿನ ತಂದೆತಾಯಿಗೆ ಕಳಿಸುವ ಹಣ, ಅವರ ಆಸ್ಪತ್ರೆ ಖರ್ಚು, ಕಾಲೇಜಿನಲ್ಲಿರುವ ಇನ್ನೊಂದು ಮಗು, ಎಲ್ಲವನ್ನೂ ಅಂಕಿ ಸಮೇತ ಅಲ್ಲಿ ಬರೆಯಿರಿ.

ಅರ್ಜಿ ಹೋದ ಮೇಲೆ ಕೆಲವರನ್ನು ವೆರಿಫಿಕೇಷನ್‌ಗೆ, ಅಂದರೆ ವಿವರಗಳನ್ನು ಕಾಗದಗಳೊಂದಿಗೆ ತಾಳೆ ನೋಡಲು, ಆರಿಸುತ್ತಾರೆ. ಆರಿಸಿದರೆ ತಪ್ಪು ಸಿಕ್ಕಿತೆಂದು ಗಾಬರಿಯಾಗಬೇಡಿ. ಕೇಳಿದ ಕಾಗದವನ್ನು ವಾರದೊಳಗೆ ಕೊಡಿ. ಕೆಲಸ ಹೋಗಿದ್ದರೆ ಎರಡು ವರ್ಷ ಹಿಂದಿನ ಆದಾಯ ಇಂದಿನ ಮನೆಯನ್ನು ತೋರಿಸುವುದಿಲ್ಲ. ಆಗ ಪ್ರತಿ ಕಾಲೇಜಿಗೂ ಬೇರೆ ಬೇರೆಯಾಗಿ ‘ಪ್ರೊಫೆಷನಲ್ ಜಡ್ಜ್‌ಮೆಂಟ್’ (ಏಡ್ ಕಚೇರಿ ತನ್ನ ವಿವೇಚನೆಯಿಂದ ಲೆಕ್ಕ ಬದಲಿಸುವುದು) ಕೋರಿ ಬರೆಯಬಹುದು. ಕೆಲಸ ಮುಗಿದ ಪತ್ರ, ಸೆವರೆನ್ಸ್ ಮೊತ್ತ, ನಿರುದ್ಯೋಗ ಭತ್ಯೆಯ ಕಾಗದ, ಈ ವರ್ಷದ ಅಂದಾಜು ಆದಾಯದ ಲೆಕ್ಕ ಜೊತೆಗಿರಲಿ. ಒಂದು ಪುಟ ಸಾಕು. ದುಃಖವನ್ನು ಉದ್ದಕ್ಕೆ ಬರೆದ ಪತ್ರಕ್ಕಿಂತ ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕದಲ್ಲಿ ಇಟ್ಟ ಪತ್ರ ಬೇಗ ಕೆಲಸ ಮಾಡುತ್ತದೆ.

ಮಾರ್ಚ್ ಏಪ್ರಿಲ್‌ನಲ್ಲಿ ಏಡ್ ಪತ್ರಗಳು, ಅಂದರೆ ಎಷ್ಟು ನೆರವು ಎಂದು ಕಾಲೇಜು ಹೇಳುವ ಪತ್ರಗಳು, ಬರುತ್ತವೆ. ಅತಿ ದೊಡ್ಡ ಮೋಸಹೋಗುವಿಕೆ ಈ ಹಂತದ್ದು. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2022ರಲ್ಲಿ ಹೇಳಿದಂತೆ ಶೇ 91ರಷ್ಟು ಕಾಲೇಜುಗಳು ತಮ್ಮ ಪತ್ರದಲ್ಲಿ ನಿಜವಾದ ನಿವ್ವಳ ಬೆಲೆ ಕೊಡುವುದಿಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ. ಒಂದು ಮಾದರಿ ಲೆಕ್ಕ ನೋಡಿ. ವರ್ಷದ ಖರ್ಚು 62,000. ಕೆಳಗೆ ಗ್ರಾಂಟ್ 24,000, ವಿದ್ಯಾರ್ಥಿ ಸಾಲ 5,500, ವರ್ಕ್ ಸ್ಟಡಿ 3,000, ಪೇರೆಂಟ್ ಪ್ಲಸ್ (ತಂದೆತಾಯಿ ತೆಗೆಯುವ ಕೇಂದ್ರದ ಸಾಲ) 29,500. ಕೊನೆಯ ಸಾಲಿನಲ್ಲಿ ‘ನೀವು ಕಟ್ಟಬೇಕಾದದ್ದು ಸೊನ್ನೆ’. ಇದರಲ್ಲಿ ನೆರವು ಎನ್ನಬಹುದಾದದ್ದು 24,000 ಮಾತ್ರ, ನಿಜವಾದ ಬೆಲೆ 38,000. ಸಾಲ ಸಾಲವೇ. ವರ್ಕ್ ಸ್ಟಡಿ ಎಂದರೆ ಕ್ಯಾಂಪಸ್‌ನಲ್ಲಿ ದುಡಿದ ಮೇಲೆ ಕೈಗೆ ಬರುವ ಸಂಬಳ. ಆಗಸ್ಟ್‌ನ ಬಿಲ್ಲಿನಲ್ಲಿ ಅದು ಕಳೆಯುವುದಿಲ್ಲ. ಪ್ರತಿ ಕಾಲೇಜಿನ ಪತ್ರವನ್ನೂ ಹೀಗೆ ಒಂದೇ ಸ್ಪ್ರೆಡ್‌ಶೀಟಿಗೆ ಇಳಿಸಿ: ಪೂರ್ತಿ ಖರ್ಚು, ಅದರಲ್ಲಿ ಗ್ರಾಂಟ್ ಮತ್ತು ವಿದ್ಯಾರ್ಥಿವೇತನ ಮಾತ್ರ ಕಳೆದು ಉಳಿದದ್ದು. ಊಟ ವಸತಿಯನ್ನೇ ಬಿಟ್ಟು ಬರೀ ಟ್ಯೂಷನ್ ತೋರಿಸುವ ಪತ್ರಗಳೂ ಬರುತ್ತವೆ. ಆರೋಗ್ಯ ವಿಮೆ ಬಿಲ್ಲಿನಲ್ಲಿ ತಾನಾಗಿ ಸೇರಿರುತ್ತದೆ. ಮನೆಯ ವಿಮೆ ಇದ್ದರೆ ಗಡುವಿನೊಳಗೆ ವೇವರ್ ಹಾಕಿ ತೆಗೆಸಿ. ಗ್ರಾಂಟ್ ನಾಲ್ಕೂ ವರ್ಷ ಸಿಗುತ್ತದೆಯೇ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು, ಹೊರಗಿನ ವಿದ್ಯಾರ್ಥಿವೇತನ ತಂದರೆ ಕಾಲೇಜು ಮೊದಲು ಸಾಲ ಕಡಿಮೆ ಮಾಡುತ್ತದೆಯೋ ಗ್ರಾಂಟನ್ನೋ, ಈ ಮೂರನ್ನು ಇಮೇಲ್‌ನಲ್ಲಿ ಕೇಳಿ. ಉತ್ತರ ಬರಹದಲ್ಲಿ ಇರಲಿ.

ಪೇರೆಂಟ್ ಪ್ಲಸ್ ಬಗ್ಗೆ ನಮ್ಮ ನಿಲುವು ಗಟ್ಟಿ: ಅದು ಕೊನೆಯ ಆಯ್ಕೆಯಾಗಿರಲಿ. 2025-26ರಲ್ಲಿ ಅದರ ಬಡ್ಡಿ ಶೇ 8.94, ಮೇಲೆ ಶೇ 4.228 ಶುಲ್ಕ ಮೊದಲೇ ಮುರಿದುಕೊಳ್ಳುತ್ತಾರೆ. ವಿದ್ಯಾರ್ಥಿಯ ಸಾಲಕ್ಕೆ ಅದೇ ವರ್ಷ ಬಡ್ಡಿ ಶೇ 6.39. 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಿತಿಯೂ ಬಂದಿದೆ. ಮೇಲಿನ ಮಾದರಿ ಪತ್ರದ 29,500 ಇನ್ನು ಆಗುವ ಮಾತಲ್ಲ. ಉಳಿದದ್ದನ್ನು ಖಾಸಗಿ ಸಾಲದಿಂದ ತುಂಬಲು ಹೊರಟರೆ ಆ ಕಾಲೇಜು ಕೈಗೆಟುಕುವುದಿಲ್ಲ ಎಂದೇ ಅರ್ಥ ಮಾಡಿಕೊಳ್ಳಿ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ದಾರಿ ಇದೆ. ನಮ್ಮ ಜನ ಅದನ್ನು ಇನ್ನೂ ಸಂಕೋಚದಿಂದ ನೋಡುತ್ತಾರೆ ಎಂಬುದು ಬೇಸರದ ವಿಷಯ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದವರಿಗೆ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷ ಅಲ್ಲಿ ಓದಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಲು ಬೇಕಾದ 60 ಯೂನಿಟ್‌ಗೆ 2,760. ಕೂಪರ್ಟಿನೋದ ಡಿ ಆಂಜಾ ಕಾಲೇಜಿನದು ಕ್ವಾರ್ಟರ್ ಪದ್ಧತಿ, ಯೂನಿಟ್‌ಗೆ 31, 90 ಯೂನಿಟ್‌ಗೆ 2,790. ಎರಡು ವರ್ಷದ ಬೋಧನಾ ಶುಲ್ಕ ಅಷ್ಟೇ. ಅಲ್ಲಿಂದ ಟ್ಯಾಗ್ ಎಂಬ ಒಪ್ಪಂದದ ಮೂಲಕ ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ) ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಾತ್ರಿ ಪ್ರವೇಶ ಪಡೆಯಬಹುದು: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಬೇಡಿಕೆ ಹೆಚ್ಚಿರುವ ಕೆಲವು ವಿಭಾಗಗಳಿಗೂ ಟ್ಯಾಗ್ ಇಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್ ತಿಂಗಳೊಳಗೆ ಹೋಗಬೇಕು. ಈ ದಾರಿ ಕೆಡುವುದು ಯೂನಿಟ್ ಹೊಂದದೆ. ದೇಶದಾದ್ಯಂತ ವರ್ಗಾವಣೆಯಾದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರೆಂದು ಜಿಎಒ 2017ರಲ್ಲಿ ಹೇಳಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ತಾಣ ತೆರೆದು, ಹೋಗಬೇಕಾದ ಕ್ಯಾಂಪಸ್ ಮತ್ತು ಮೇಜರ್‌ಗೆ ಯಾವ ಕೋರ್ಸು ಯಾವುದಕ್ಕೆ ಸಮ ಎಂದು ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಂಡರೆ ಆ ನಷ್ಟ ಬಹುಪಾಲು ತಪ್ಪುತ್ತದೆ.

ಎಚ್-4ನಲ್ಲಿ ಬೆಳೆದ ಮಕ್ಕಳಿಗೆ ಮೇಲಿನದರಲ್ಲಿ ಬಹಳಷ್ಟು ಅನ್ವಯಿಸುವುದಿಲ್ಲ. ಒಂದನೇ ತರಗತಿಯಿಂದ ಇಲ್ಲೇ ಓದಿದ್ದರೂ ಫ್ಯಾಫ್ಸಾ ನೆರವಿಗೆ ಅವರು ಅರ್ಹರಲ್ಲ. ಇಪ್ಪತ್ತೊಂದಕ್ಕೆ ಎಚ್-4 ಮುಗಿಯುತ್ತದೆ, ಗ್ರೀನ್ ಕಾರ್ಡ್ ಸರದಿ ಅಷ್ಟರೊಳಗೆ ಬಾರದಿದ್ದರೆ ಬಹುಪಾಲು ಮಕ್ಕಳು ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಎಚ್-4ನಲ್ಲಿರುವಾಗ ರಾಜ್ಯದವರ ಶುಲ್ಕ ಸಿಗುವುದು ಆಯಾ ರಾಜ್ಯದ ನಿಯಮದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ವಾಸ ಸಾಬೀತು ಮಾಡಿ ಪಡೆಯಬಹುದು, ಎಫ್-1ನವರಿಗೆ ಆ ದಾರಿ ಇಲ್ಲ. ಆದ್ದರಿಂದ ಹುಟ್ಟಿದ ದಿನಾಂಕ ಮುಂದಿಟ್ಟುಕೊಂಡು ಇಪ್ಪತ್ತೊಂದು ಯಾವ ಸೆಮಿಸ್ಟರಿನಲ್ಲಿ ತುಂಬುತ್ತದೆ ಎಂದು ಎಣಿಸಿ, ಆಮೇಲಿನ ಸೆಮಿಸ್ಟರುಗಳಿಗೆ ಹೊರಗಿನವರ ಶುಲ್ಕ ಹಾಕಿ ಬಜೆಟ್ ಮಾಡಿ. ಜೊತೆಗೆ ಪೌರತ್ವ ನೋಡದೆ ಪ್ರವೇಶ ಕೊಟ್ಟು, ಮನೆಯ ಅಗತ್ಯದಷ್ಟೂ ನೆರವು ತಾವೇ ಕೊಡುವ ಕಾಲೇಜುಗಳಿವೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್‌ಹರ್ಸ್ಟ್, ಬೌಡನ್. ಪ್ರವೇಶ ಕಷ್ಟ, ಆದರೆ ಬೆಲೆಗೆ ಹೆದರಿ ಬಿಡಬೇಕಿಲ್ಲ. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಪಿಯುಸಿ ಓದುತ್ತಾ ಅಮೆರಿಕದ ಬಿಎ, ಬಿಎಸ್ಸಿಗೆ ಅರ್ಜಿ ಹಾಕುವವರಿಗೂ ಇದೇ ಮಾತು. ಅವರು ತಂದೆತಾಯಿಯ ಐಟಿಆರ್, ಸಂಬಳ ಪತ್ರ ಇಟ್ಟುಕೊಂಡು ಆಯಾ ಕಾಲೇಜು ಕೇಳುವ ನೆರವಿನ ಅರ್ಜಿ ತುಂಬಬೇಕು.

ಫ್ಯಾಫ್ಸಾ ಒಂದೇ ಸಲದ ಕೆಲಸವಲ್ಲ, ಪ್ರತಿವರ್ಷ ಹೊಸದಾಗಿ ತುಂಬಬೇಕು. ನೆರವು ಮುಂದುವರಿಯಲು ಓದಿನ ಪ್ರಗತಿಯನ್ನೂ ನೋಡುತ್ತಾರೆ: ಸಾಮಾನ್ಯವಾಗಿ 2.0 ಜಿಪಿಎ, ತೆಗೆದುಕೊಂಡ ಯೂನಿಟ್‌ಗಳಲ್ಲಿ ಶೇ 67 ಪಾಸಾಗಿರಬೇಕು. ಕಷ್ಟವಾಯಿತೆಂದು ಮಧ್ಯದಲ್ಲಿ ಬಿಟ್ಟ ಕೋರ್ಸು ಈ ಶೇಕಡಾವಾರಿನಲ್ಲಿ ಎಣಿಕೆಗೆ ಬರುತ್ತದೆ. ಆದ್ದರಿಂದ ಡ್ರಾಪ್ ಗಡುವು ದಾಟಿದ ಮೇಲೆ ಕೋರ್ಸು ಬಿಡುವ ಮೊದಲು ಮಕ್ಕಳು ಸಲಹೆಗಾರರನ್ನಷ್ಟೇ ಅಲ್ಲ, ಏಡ್ ಕಚೇರಿಯನ್ನೂ ಕೇಳಬೇಕು.